ಆಸ್ಪತ್ರೆ ಖರ್ಚು ಕೈಮೀರಿದಾಗ ಜನರ ನೆರವು ಕೇಳುವುದು ಹೇಗೆ? ಮೊದಲ ದಿನದಿಂದ ಕೊನೆಯ ಲೆಕ್ಕದವರೆಗೆ

"ಏನಾದ್ರೂ ಬೇಕಿದ್ದರೆ ಹೇಳಿ, ಸಂಕೋಚ ಮಾಡ್ಕೋಬೇಡಿ."

ಆಸ್ಪತ್ರೆ ಕಾರಿಡಾರಿನಲ್ಲಿ ಈ ಮಾತನ್ನು ನಾನು ನಲವತ್ತು ಸಲವಾದರೂ ಕೇಳಿದ್ದೇನೆ. ಪ್ರತಿ ಸಲವೂ "ಆಯ್ತು, ಹೇಳ್ತೀವಿ" ಎಂದಿದ್ದೇನೆ. ಯಾರಿಗೂ ಏನೂ ಹೇಳಲಿಲ್ಲ. ಅವರು ಬಾಯಿಮಾತಿಗೆ ಹೇಳಿದ್ದರು ಅಂತಲ್ಲ, ನಮಗೆ ಬೇಕಿರಲಿಲ್ಲ ಅಂತಲೂ ಅಲ್ಲ. ಏನು ಮಾಡಬೇಕು ಅಂತ ಅವರಿಗೆ ಗೊತ್ತಿರಲಿಲ್ಲ, ಏನು ಕೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಅಪಘಾತವಾಗಿ ಭಾವ ಐಸಿಯುನಲ್ಲಿದ್ದ ಆರು ವಾರ ಹೀಗೇ ತಡವರಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಈಗ ವಾರ್ಡಿನ ಹೊರಗೆ ಕೂತು ಇದನ್ನು ಓದುತ್ತಿದ್ದರೆ ಪೂರ್ತಿ ಓದಬೇಡಿ. ಮೊದಲ ಎರಡು ಹೆಜ್ಜೆ ಓದಿ, ಅಷ್ಟು ಮಾಡಿ, ಉಳಿದದ್ದು ನಾಳೆ.

ಹೆಜ್ಜೆ 1: ಕೇಳುವ ಕೆಲಸವನ್ನು ಒಬ್ಬರಿಗೆ ವಹಿಸಿ

ಆ ಒಬ್ಬರು ರೋಗಿಯ ಗಂಡನೋ ಹೆಂಡತಿಯೋ ಆಗಿರಬಾರದು. ಹಾಸಿಗೆ ಪಕ್ಕ ಕೂತವರಿಗೆ ಡಾಕ್ಟರ ಮಾತು ಕೇಳಿಸಿಕೊಳ್ಳುವುದೇ ದೊಡ್ಡ ಕೆಲಸ. ತಮ್ಮ, ನಾದಿನಿ, ಹಳೇ ಸ್ನೇಹಿತ, ಆಫೀಸಿನಲ್ಲಿ ಜೊತೆಗಿರುವವರು, ಯಾರಾದರೂ ಸರಿ. ಮೂರು ಗುಣ ಇದ್ದರೆ ಸಾಕು. ಫೋನ್ ಎತ್ತಬೇಕು, ಲೆಕ್ಕ ಬರೆಯಬೇಕು, ಜನರ ಮುಂದೆ ಅಳದೆ ಎರಡು ನಿಮಿಷ ಮಾತಾಡಬೇಕು. ನಮ್ಮ ಮನೆಯಲ್ಲಿ ಮೊದಲ ವಾರ ಇದನ್ನೆಲ್ಲ ಅಕ್ಕನೇ ಮಾಡುತ್ತಿದ್ದಳು. ಒಂದೇ ದಿನ ಅರವತ್ತು ಫೋನ್ ಬಂದು, ಪ್ರತಿಯೊಬ್ಬರಿಗೂ ಅಪಘಾತದ ಕತೆಯನ್ನು ಮೊದಲಿಂದ ಹೇಳಿ ಹೇಳಿ, ಸಂಜೆ ಡಾಕ್ಟರ್ ಬಂದು ಕರೆದಾಗ ಅವಳಿಗೆ ಎದ್ದು ನಿಲ್ಲುವುದಕ್ಕೂ ಆಗಲಿಲ್ಲ.

ಈ ಹೊಣೆ ಹೊತ್ತವರು ಮೊದಲು ಎರಡು ಕೆಲಸ ಮಾಡಲಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಲಿ. ಫೋನಿನಲ್ಲಿ ಬರೆದರೂ ಆಗುತ್ತದೆ, ಆದರೆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಲಗಬಹುದು. ಎರಡನೆಯದು, ರೋಗಿಗೆ ಮಾತಾಡಲು ಆಗುವ ಹಾಗಿದ್ದರೆ ಕೇಳಿ: ಕಾಯಿಲೆ ಯಾರಿಗೆ ಗೊತ್ತಾದರೆ ಪರವಾಗಿಲ್ಲ, ಯಾರಿಗೆ ಗೊತ್ತಾಗಬಾರದು, ಫೋಟೋ ಹಾಕಬಹುದಾ? ದುಡ್ಡು ಬರಲಿ ಅಂತ ಒಬ್ಬರ ಗುಟ್ಟನ್ನು ಊರಿಗೆಲ್ಲ ಹಂಚುವ ಹಕ್ಕು ನಮಗಿಲ್ಲ. ಅವರಿಗೆ ಪ್ರಜ್ಞೆ ಇಲ್ಲದಿದ್ದರೆ, ನಾಳೆ ಎದ್ದು ಓದಿದರೆ ಏನನ್ನಿಸುತ್ತದೆ ಎಂದು ಯೋಚಿಸಿ ಬರೆಯಿರಿ.

ಹೆಜ್ಜೆ 2: ಮೊತ್ತ ಎಷ್ಟು ಅಂತ ಗೊತ್ತು ಮಾಡಿಕೊಳ್ಳಿ

"ತುಂಬಾ ದುಡ್ಡು ಬೇಕು" ಎಂದರೆ ಯಾರೂ ಕೊಡುವುದಿಲ್ಲ. ಕೊಡುವ ಮನಸ್ಸಿದ್ದರೂ ಎಷ್ಟು ಕೊಡಬೇಕು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಆಸ್ಪತ್ರೆಯಿಂದ ಎಸ್ಟಿಮೇಟ್ ಅನ್ನು ಬರಹದಲ್ಲೇ ಕೇಳಿ. ಕೇಳುವಾಗ, ಇದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ, ದಿನಕ್ಕೆ ಐಸಿಯು ಎಷ್ಟು, ಔಷಧಿ ಬೇರೆಯಾ, ಇನ್ನೊಂದು ಆಪರೇಷನ್ ಬೇಕಾದರೆ ಎಷ್ಟು ಎಂದೂ ಕೇಳಿ.

ಆಸ್ಪತ್ರೆ ಬಿಲ್ಲೇ ಪೂರ್ತಿ ಖರ್ಚು ಅಂದುಕೊಂಡರೆ ಕೆಟ್ಟಿರಿ. ದುಡಿಯುವವರು ಮಲಗಿದರೆ ಅವರ ಸಂಬಳ ನಿಲ್ಲುತ್ತದೆ, ಜೊತೆಗಿರುವವರ ಸಂಬಳವೂ ಅರ್ಧ ನಿಲ್ಲುತ್ತದೆ. ಬಾಡಿಗೆ, ಮಕ್ಕಳ ಫೀಸು, ಓಡಾಟ, ಹಳೇ ಸಾಲದ ಕಂತು ಯಾವುದೂ ಕಾಯುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಫಿಸಿಯೋಥೆರಪಿ, ಮತ್ತೆ ಮತ್ತೆ ಸ್ಕ್ಯಾನ್, ತಿಂಗಳ ಔಷಧಿ, ಗಾಲಿಕುರ್ಚಿ ಇವೆಲ್ಲ ಬರುತ್ತವೆ. ಪುಟದಲ್ಲಿ ಮೂರು ಸಾಲು ಎಳೆಯಿರಿ: ಈ ವಾರ ಬೇಕಾದದ್ದು, ಈ ತಿಂಗಳು ಬೇಕಾದದ್ದು, ಮುಂದಿನ ಆರು ತಿಂಗಳಿಗೆ ಬೇಕಾದದ್ದು. ನಾವು ಮೂರನೆಯ ಸಾಲು ಬರೆಯಲೇ ಇಲ್ಲ. ಅದರ ಫಲ ಕೊನೆಗೆ ಹೇಳುತ್ತೇನೆ.

ಹೆಜ್ಜೆ 3: ಜನರ ಹತ್ತಿರ ಹೋಗುವ ಮುಂಚೆ ಈ ಬಾಗಿಲು ತಟ್ಟಿ

ಎಷ್ಟೋ ಕುಟುಂಬಗಳು ನೆಂಟರ ಹತ್ತಿರ ಕೈಚಾಚಿ ಮುಗಿದ ಮೇಲೆ ಇಲ್ಲಿಗೆ ಬರುತ್ತವೆ. ಅದು ಉಲ್ಟಾ.

ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಹುಡುಕಿ. ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ, ಬೋರ್ಡು ಮಾತ್ರ ಯಾವುದೋ ಮೂಲೆಯಲ್ಲಿರುತ್ತದೆ. ಇದು ಹೊಸ ಹುದ್ದೆಯೇನಲ್ಲ. ಔಷಧಿ ಬರೆದುಕೊಟ್ಟರೂ ಅದನ್ನು ಕೊಳ್ಳಲು ಮನೆಯಲ್ಲಿ ದುಡ್ಡಿಲ್ಲದಿದ್ದರೆ ಏನು ಪ್ರಯೋಜನ ಎಂದು ಡಾಕ್ಟರ್ ರಿಚರ್ಡ್ ಕ್ಯಾಬಟ್ 1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಇಂಥವರನ್ನು ಇಟ್ಟರು. ಯಾವ ಸರ್ಕಾರಿ ಯೋಜನೆ ನಿಮಗೆ ಸಿಗುತ್ತದೆ, ಆಸ್ಪತ್ರೆಯದ್ದೇ ಬಡ ರೋಗಿಗಳ ನಿಧಿ ಇದೆಯಾ, ಯಾವ ಟ್ರಸ್ಟು ಈ ಕಾಯಿಲೆಗೆ ಕೊಡುತ್ತದೆ, ಯಾವ ಕಾಗದ ಬೇಕು, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಕೆಲವು ಯೋಜನೆಗಳಿಗೆ ಚಿಕಿತ್ಸೆ ಶುರುವಾಗುವ ಮೊದಲೇ ಅರ್ಜಿ ಹಾಕಬೇಕು. ಆಮೇಲೆ ಹೋದರೆ ಬಾಗಿಲು ಮುಚ್ಚಿರುತ್ತದೆ.

ವಿಮೆ ಕಂಪನಿ "ಆಗಲ್ಲ" ಎಂದರೆ ಅದನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಯಾಕೆ ಆಗಲ್ಲ ಎಂದು ಬರಹದಲ್ಲಿ ತರಿಸಿಕೊಳ್ಳಿ, ಮೇಲ್ಮನವಿಗೆ ಎಷ್ಟು ದಿನ ಇದೆ ಎಂದು ಕೇಳಿ. ಒಂದು ಕಾಗದ ಕಡಿಮೆ ಇದ್ದದ್ದಕ್ಕೇ ತಿರಸ್ಕಾರ ಆಗಿರಬಹುದು.

ಬಿಲ್ ಬಂದಾಗ ಒಟ್ಟು ಮೊತ್ತವಷ್ಟೇ ಇರುವ ಹಾಳೆ ಸಾಲದು. ಒಂದೊಂದು ಐಟಂ ಬಿಡಿಬಿಡಿಯಾಗಿ ಇರುವ ಬಿಲ್ ಕೇಳಿ. ವಾಪಸ್ ಕೊಟ್ಟ ಔಷಧಿ ಕಳೆದಿದ್ದಾರಾ, ಒಂದೇ ಪರೀಕ್ಷೆ ಎರಡು ಸಲ ಬಂದಿದೆಯಾ, ವಾರ್ಡಿಗೆ ಬಂದ ಮೇಲೂ ಐಸಿಯು ದಿನ ಎಣಿಸಿದ್ದಾರಾ ನೋಡಿ. ನಮ್ಮ ಬಿಲ್ಲಿನಲ್ಲಿ ಒಂದು ಸ್ಕ್ಯಾನ್ ಎರಡು ಸಲ ಇತ್ತು. ಜಗಳ ಏನೂ ಬೇಕಾಗಲಿಲ್ಲ, ತೋರಿಸಿದ ಕೂಡಲೇ ತೆಗೆದರು. ದೀರ್ಘಕಾಲದ ಔಷಧಿ ಇದ್ದರೆ ಇದರ ಜೆನೆರಿಕ್ ಕೊಡಬಹುದಾ ಎಂದು ಡಾಕ್ಟರನ್ನೇ ಕೇಳಿ. ಅದರಲ್ಲಿಯೂ ಅದೇ ಮೂಲ ಔಷಧಿ ಇರುತ್ತದೆ, ಸಾಮಾನ್ಯವಾಗಿ ಬೆಲೆ ಕಡಿಮೆ. ದುಬಾರಿ ಔಷಧಿಗಳಿಗೆ ಕೆಲವು ಕಂಪನಿಗಳೇ ರೋಗಿಗಳಿಗೆ ರಿಯಾಯಿತಿ ಯೋಜನೆ ಇಟ್ಟಿರುತ್ತವೆ, ಅದನ್ನೂ ವಿಚಾರಿಸಿ. ಕಂತಿನಲ್ಲಿ ಕಟ್ಟಬಹುದಾ ಎಂದು ಕೇಳುವುದಕ್ಕೆ ನಾಚಿಕೆ ಬೇಡ.

ಇನ್ನೊಂದು. ಮೊದಲ ರಾತ್ರಿಯ ಗಾಬರಿಯಲ್ಲಿ ಜಾಸ್ತಿ ಬಡ್ಡಿಗೆ ಸಾಲ ತೆಗೆಯಬೇಡಿ, ಮನೆಪತ್ರ ಅಡ ಇಡಬೇಡಿ. ಅವತ್ತು ಕಟ್ಟಬೇಕಾದ್ದು ಅಡ್ವಾನ್ಸ್ ಮಾತ್ರ. ಅಷ್ಟಕ್ಕೆ ಹತ್ತಿರದವರ ಕೈಸಾಲ ಸಾಕಾಗುತ್ತದೆ.

ಹೆಜ್ಜೆ 4: ಎರಡು ಪಟ್ಟಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದೇ. ಒಂದು ಪುಟದಲ್ಲಿ ಕೆಲಸಗಳು, ಎದುರು ಪುಟದಲ್ಲಿ ಜನ.

ಕೆಲಸದ ಪಟ್ಟಿಯಲ್ಲಿ "ಸಹಾಯ" ಎಂಬ ಪದವೇ ಇರಬಾರದು. ಹೀಗಿರಬೇಕು: ಮಂಗಳವಾರ ರಾತ್ರಿ ವಾರ್ಡಿನಲ್ಲಿ ಮಲಗುವವರು ಒಬ್ಬರು. ಮಗುವನ್ನು ಸ್ಕೂಲಿನಿಂದ ಕರೆತರುವವರು. ಅಮ್ಮನಿಗೆ ರಾತ್ರಿ ಮಾತ್ರೆ ಕೊಡುವವರು. ವಿಮೆ ಅರ್ಜಿ ತುಂಬುವವರು. ಕರೆಂಟ್ ಬಿಲ್ ಕಟ್ಟುವವರು. ಮನೆ ಬಟ್ಟೆ ಒಗೆದು ತರುವವರು. ಇವುಗಳಲ್ಲಿ ದುಡ್ಡಿನ ಕೆಲಸ ಎಷ್ಟಿದೆ ನೋಡಿ. ಅರ್ಧಕ್ಕಿಂತ ಕಡಿಮೆ, ಅಲ್ವಾ? ಕೈಯಲ್ಲಿ ಕಾಸಿಲ್ಲದ ಸ್ನೇಹಿತ ಮುಖ ತಪ್ಪಿಸಿಕೊಂಡು ತಿರುಗುವ ಬದಲು ಮಂಗಳವಾರ ರಾತ್ರಿ ಬಂದು ಮಲಗುತ್ತಾನೆ.

ಜನರ ಪಟ್ಟಿಯಲ್ಲಿ ಹತ್ತಿರದ ನೆಂಟರಷ್ಟೇ ಅಲ್ಲ, ಹಳೇ ಆಫೀಸಿನವರು, ಕಾಲೇಜಿನ ಜೊತೆಯವರು, ಪಕ್ಕದ ಮನೆಯವರು, ಸಂಘದವರು, ಮಗುವಿನ ಕ್ಲಾಸಿನ ಪೋಷಕರು ಎಲ್ಲರನ್ನೂ ಬರೆಯಿರಿ. "ಅವರು ಮಾಡಲ್ಲ ಬಿಡು" ಎಂದು ಯಾರ ಹೆಸರನ್ನೂ ಮೊದಲೇ ಹೊಡೆದು ಹಾಕಬೇಡಿ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರ ಹತ್ತಿರ ಒಂದು ಸಣ್ಣ ಕೆಲಸ ಕೇಳಲು ಹೊರಟವರು ಎಷ್ಟು ಜನ ಒಪ್ಪುತ್ತಾರೆ ಎಂದು ಮೊದಲೇ ಊಹಿಸಬೇಕಿತ್ತು. ಒಪ್ಪುವವರ ಪ್ರಮಾಣವನ್ನು ಅವರು ಅರ್ಧದಷ್ಟರವರೆಗೂ ಕಡಿಮೆ ಅಂದಾಜು ಮಾಡಿದ್ದರು. ಪ್ರಶ್ನಾವಳಿ ತುಂಬಿಕೊಡಿ, ಫೋನ್ ಕೊಡಿ ಎಂಬಂಥ ಕೋರಿಕೆಗಳು ಅವು. ಆಪರೇಷನ್ ಖರ್ಚು ಕೇಳುವುದಕ್ಕೂ ಅದಕ್ಕೂ ವ್ಯತ್ಯಾಸ ಇದೆ, ನಿಜ. ಆದರೆ ನಮ್ಮ ಪಟ್ಟಿಯಲ್ಲಿರುವುದೂ ಹೆಚ್ಚಿನಂಶ ಸಣ್ಣ ಕೆಲಸಗಳೇ.

ಆಮೇಲೆ ಹೆಸರಿಗೆ ಕೆಲಸ ಜೋಡಿಸಿ, ಆ ಒಬ್ಬರಿಗೇ ಫೋನ್ ಮಾಡಿ. ಇಪ್ಪತ್ತು ಜನರಿರುವ ಗ್ರೂಪಿನಲ್ಲಿ "ಯಾರಾದರೂ ಬರ್ತೀರಾ" ಎಂದು ಹಾಕಿದರೆ ಹತ್ತೊಂಬತ್ತು ಜನ ಇನ್ನೊಬ್ಬರು ಹೋಗುತ್ತಾರೆ ಅಂದುಕೊಳ್ಳುತ್ತಾರೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದರು. ಪಕ್ಕದ ಕೋಣೆಯಲ್ಲಿರುವವರಿಗೆ ಫಿಟ್ಸ್ ಬಂದ ಹಾಗೆ ಸ್ಪೀಕರಿನಲ್ಲಿ ಕೇಳಿಸಿದಾಗ, ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡಿದ್ದವರಲ್ಲಿ 85% ಜನ ಅದು ಮುಗಿಯುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡಿದ್ದವರಲ್ಲಿ ಹಾಗೆ ಎದ್ದವರು 31% ಮಾತ್ರ. ಇವರು ಕಲ್ಲುಮನಸ್ಸಿನವರೇನಲ್ಲ. "ಬೇರೆಯವರು ನೋಡ್ಕೋತಾರೆ" ಎಂಬುದು ಎಲ್ಲರೊಳಗೂ ಇದೆ. ಹೆಸರು ಹಿಡಿದು ಕರೆದರೆ ಆ ನೆಪ ಉಳಿಯುವುದಿಲ್ಲ.

ಹೆಜ್ಜೆ 5: ಮನವಿ ಬರೆಯುವುದು

ಇದನ್ನು ಒಂದೇ ಸಲ ಬರೆದು, ಇಬ್ಬರಿಗೆ ಓದಿಸಿ, ಒಂದೇ ರೂಪದಲ್ಲಿ ಕಳಿಸಿ. ನಮ್ಮಲ್ಲಿ ನಾನೊಂದು, ಚಿಕ್ಕಪ್ಪ ಒಂದು, ಭಾವನ ಸ್ನೇಹಿತರೊಂದು ಎಂದು ಮೂರು ಮನವಿ ಹೋಗಿ, ಮೂರರಲ್ಲೂ ಮೊತ್ತ ಬೇರೆ, ಖಾತೆ ನಂಬರ್ ಬೇರೆ. "ಇದು ನಿಜಾನಾ?" ಎಂದು ಜನ ಕೇಳಿದ್ದರಲ್ಲಿ ತಪ್ಪೇನಿಲ್ಲ. ಒಂದು ಮಾದರಿ ಕೊಡುತ್ತೇನೆ, ನಿಮ್ಮ ಮಾತಿಗೆ ತಿರುಗಿಸಿಕೊಳ್ಳಿ:

"ಎಲ್ಲರಿಗೂ ನಮಸ್ಕಾರ. ಇವತ್ತು ಇಂಥ ತಾರೀಖು. ನಮ್ಮ ಭಾವನಿಗೆ ಹೋದ ವಾರ ಅಪಘಾತವಾಗಿ ತಲೆಗೆ ಪೆಟ್ಟಾಗಿದೆ. ಇಂಥ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಒಂದು ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಆಸ್ಪತ್ರೆ ಬರೆದುಕೊಟ್ಟ ಅಂದಾಜು ಇಷ್ಟು. ವಿಮೆಯಿಂದ ಇಷ್ಟು ಬರುತ್ತದೆ, ಮನೆಯವರು ಇಷ್ಟು ಹೊಂದಿಸಿದ್ದೇವೆ. ಇಂಥ ದಿನದೊಳಗೆ ಇನ್ನೂ ಇಷ್ಟು ಬೇಕು. ಎಷ್ಟು ಸಣ್ಣ ಮೊತ್ತವಾದರೂ ಸರಿ. ಹಣ ಆಗದಿದ್ದರೆ ರಾತ್ರಿ ಆಸ್ಪತ್ರೆಯಲ್ಲಿ ಇರುವುದಕ್ಕೆ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಜನ ಬೇಕು. ಅಕ್ಕನಿಗೆ ಫೋನ್ ಮಾಡಬೇಡಿ, ನನಗೆ ಮಾಡಿ. ಖರ್ಚಿನ ಲೆಕ್ಕ ಪ್ರತಿ ಭಾನುವಾರ ಕಳಿಸುತ್ತೇನೆ."

ಗಮನಿಸಿ, ಇದರಲ್ಲಿ "ದಯವಿಟ್ಟು ಪ್ರಾಣ ಉಳಿಸಿ" ಇಲ್ಲ. ಕಣ್ಣೀರು ಹಾಕಿಸಬೇಕಾಗಿಲ್ಲ, ಇದ್ದದ್ದು ಹೇಳಿದರೆ ಸಾಕು. ಮನೆಯವರು ಎಷ್ಟು ಹಾಕಿದ್ದೇವೆ ಎಂಬ ಸಾಲು ಮಾತ್ರ ತಪ್ಪಿಸಬೇಡಿ.

ಫೋಟೋ ಬೇಕೆಂದರೆ ಚೆನ್ನಾಗಿದ್ದಾಗಿನದು ಹಾಕಿ. ಮೈತುಂಬ ಟ್ಯೂಬು ಹಾಕಿರುವ ಫೋಟೋ ಬೇಡ. ಮಗುವಿನ ವಿಷಯದಲ್ಲಂತೂ ಬೇಡವೇ ಬೇಡ, ಆ ಮಗು ಬೆಳೆದು ದೊಡ್ಡದಾದ ಮೇಲೂ ಆ ಚಿತ್ರ ಎಲ್ಲೋ ಓಡಾಡುತ್ತಿರುತ್ತದೆ. ಗುರುತಿನ ಚೀಟಿ, ಪೂರ್ತಿ ರಿಪೋರ್ಟು, ಮನೆ ವಿಳಾಸ ಹಾಕಬೇಡಿ. ಯಾರಾದರೂ ದಾಖಲೆ ಕೇಳಿದರೆ ಅವರಿಗೆ ಪ್ರತ್ಯೇಕವಾಗಿ ತೋರಿಸಿ.

ಹೆಜ್ಜೆ 6: ಯಾರಿಗೆ ಮೊದಲು, ಯಾರಿಗೆ ಆಮೇಲೆ

ಮೊದಲು ಹತ್ತು ಹದಿನೈದು ಜನಕ್ಕೆ ಫೋನ್. ಮೆಸೇಜ್ ಅಲ್ಲ, ಫೋನ್. ಅವರಿಂದ ಬಂದದ್ದನ್ನು ಬರೆದುಕೊಂಡ ಮೇಲೆ ಗ್ರೂಪುಗಳಿಗೆ, ಆಮೇಲೆ ಊರಿಗೆ. ಸೊನ್ನೆಯಿಂದ ಶುರುವಾದ ನಿಧಿಗೆ ಕೊಡಲು ಜನ ಹಿಂಜರಿಯುತ್ತಾರೆ. ಜಾನ್ ಲಿಸ್ಟ್ ಮತ್ತು ಡೇವಿಡ್ ಲಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು ಒಂದು ವಿಶ್ವವಿದ್ಯಾಲಯದ ದೇಣಿಗೆ ಸಂಗ್ರಹದಲ್ಲಿ ಇದನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಗುರಿಯ 10% ಮೊದಲೇ ಸೇರಿದೆ ಎಂದಾಗ ಬಂದದ್ದಕ್ಕಿಂತ, 67% ಸೇರಿದೆ ಎಂದಾಗ ಹೆಚ್ಚುಕಡಿಮೆ ಆರು ಪಟ್ಟು ಹಣ ಬಂತು. ಹಾಗಾಗಿ ಗುರಿಯನ್ನು ತುಂಡು ಮಾಡಿ. "ಈ ವಾರದ ಮೊತ್ತ" ಎಂದು ಮೊದಲ ಸಾಲನ್ನಷ್ಟೇ ಕೇಳಿ, ಅದು ಮುಗಿದ ಮೇಲೆ ಎರಡನೆಯದು.

ಆನ್‌ಲೈನ್ ದೇಣಿಗೆ ತಾಣಗಳನ್ನು ಬಳಸುವುದಾದರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಶುಲ್ಕ ಹಿಡಿಯುತ್ತಾರೆ? ಕೊಡುವವರಿಂದ ಟಿಪ್ ಅಂತ ಬೇರೆ ತೆಗೆದುಕೊಳ್ಳುತ್ತಾರಾ? ಹಣ ಯಾರ ಖಾತೆಗೆ, ಎಷ್ಟು ದಿನಕ್ಕೆ ಬರುತ್ತದೆ? ಗುರಿ ಮುಟ್ಟದಿದ್ದರೂ ಕೊಡುತ್ತಾರಾ? ತಾಣ ಹಾಕಿದ ಮಾತ್ರಕ್ಕೆ ಅಪರಿಚಿತರು ಬಂದು ಸುರಿಯುತ್ತಾರೆ ಎಂಬ ಆಸೆ ಬೇಡ. ಹೆಚ್ಚಾಗಿ ಬರುವುದು ನಿಮ್ಮ ಪರಿಚಯದವರು ಮತ್ತು ಅವರ ಪರಿಚಯದವರು. ಇನ್ನೊಂದು ಸೂಕ್ಷ್ಮ: ಕೆಲವು ಕಡೆ ಹೀಗೆ ಬಂದ ಹಣವನ್ನು ಕುಟುಂಬದ ಆದಾಯವೆಂದು ಎಣಿಸಿ ಸರ್ಕಾರದ ನೆರವು ನಿಲ್ಲಿಸಬಹುದು. ಯೋಜನೆಗೆ ಅರ್ಜಿ ಹಾಕಿದ್ದರೆ ಮೊದಲೇ ವಿಚಾರಿಸಿ.

ಹೆಜ್ಜೆ 7: ಲೆಕ್ಕ

ಮನೆಖರ್ಚಿನ ಖಾತೆಗೆ ಈ ಹಣ ಬೆರೆಸಬೇಡಿ. ಬೇರೆ ಖಾತೆ ತೆರೆಯಲು ಆದರೆ ತೆರೆಯಿರಿ, ಆಗದಿದ್ದರೆ ಅಷ್ಟಾಗಿ ಬಳಸದ ಒಂದನ್ನು ಇದಕ್ಕೇ ಇಡಿ. ಇಬ್ಬರು ನೋಡುವ ಹಾಗಿರಲಿ. ಯಾರು, ಎಷ್ಟು, ಯಾವತ್ತು, ಕೊಟ್ಟದ್ದು ಹಾಗೇನಾ ಸಾಲಾನಾ ಎಂದು ಪ್ರತಿಯೊಂದನ್ನೂ ಬರೆಯಿರಿ. ಈ ಕೊನೆಯದನ್ನು ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೂ ಕೇಳಿ: "ದೊಡ್ಡಪ್ಪ, ಇದನ್ನು ನಾವು ವಾಪಸ್ ಕೊಡಬೇಕಾದ ಲೆಕ್ಕದಲ್ಲಿ ಬರ್ಕೊಳ್ಳಲಾ?" ಅವತ್ತು ಕೇಳದಿದ್ದರೆ ಎರಡು ವರ್ಷ ಬಿಟ್ಟು ಯಾರದ್ದೋ ಮದುವೆಯಲ್ಲಿ ಆ ಮಾತು ಬರುತ್ತದೆ, ಸಂಬಂಧ ಕೆಡುತ್ತದೆ.

ವಾರಕ್ಕೊಮ್ಮೆ ನಾಲ್ಕು ಸಾಲು ಕಳಿಸಿ. ಬಂದದ್ದು ಇಷ್ಟು, ಆಸ್ಪತ್ರೆಗೆ ಕಟ್ಟಿದ್ದು ಇಷ್ಟು, ಉಳಿದದ್ದು ಇಷ್ಟು, ಆರೋಗ್ಯ ಹೀಗಿದೆ. ಯಾರು ಎಷ್ಟು ಕೊಟ್ಟರು ಎಂಬುದು ಮಾತ್ರ ಬೇಡ, ಕಡಿಮೆ ಕೊಟ್ಟವರಿಗೆ ಮುಜುಗರ. ಲೆಕ್ಕ ಕಳಿಸಲು ಶುರುಮಾಡಿದ ಮೇಲೆ ನನಗಾದ ಬದಲಾವಣೆ ಹೇಳಿಬಿಡುತ್ತೇನೆ, ಕೇಳುವಾಗ ತಲೆ ತಗ್ಗುವುದು ನಿಂತಿತು.

ಹೆಜ್ಜೆ 8: ದುಡ್ಡಲ್ಲದ ನೆರವು ನಿಭಾಯಿಸುವುದು

ರಕ್ತ ಬೇಕೆಂದಾಗ ಮೂವತ್ತು ಜನ ಒಂದೇ ದಿನ ಬಂದು ನಿಲ್ಲುವುದು ನೋಡಿದ್ದೀರಾ? ಕೆಂಪು ರಕ್ತಕಣಗಳನ್ನು 42 ದಿನದವರೆಗೆ ಇಡಬಹುದು. ಪ್ಲೇಟ್‌ಲೆಟ್ ಮಾತ್ರ 5ರಿಂದ 7 ದಿನದಲ್ಲಿ ಹಾಳು. ರಕ್ತನಿಧಿಯವರನ್ನು ಕೇಳಿ, ಯಾವತ್ತು ಎಷ್ಟು ಜನ ಬೇಕೋ ಅಷ್ಟೇ ಜನರನ್ನು ಪಾಳಿ ಪ್ರಕಾರ ಕಳಿಸಿ.

ಸುದ್ದಿ ಹೇಳುವುದಕ್ಕೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ. ರಾತ್ರಿ ಎಂಟಕ್ಕೆ ಒಂದು ಮೆಸೇಜ್, ಅಷ್ಟೇ. 1997ರಲ್ಲಿ ಅಮೆರಿಕದಲ್ಲಿ ಸೋನಾ ಮೇರಿಂಗ್ ಎಂಬುವರ ಸ್ನೇಹಿತರಿಗೆ ದಿನ ತುಂಬುವ ಮೊದಲೇ ಮಗು ಹುಟ್ಟಿದಾಗ, ಎಲ್ಲರಿಗೂ ಫೋನ್ ಮಾಡುವ ಬದಲು ಅವರು ಒಂದು ವೆಬ್ ಪುಟ ಮಾಡಿದರು. ಕೇರಿಂಗ್‌ಬ್ರಿಡ್ಜ್ ಎಂಬ ಸಂಸ್ಥೆ ಹುಟ್ಟಿದ್ದೇ ಅದರಿಂದ. ಈಗ ಒಂದು ಗ್ರೂಪ್ ಇದ್ದರೂ ಸಾಕು, ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಡುವೆ ಕಷಾಯದ ವಿಡಿಯೋ ಬರಲು ಶುರುವಾಗುತ್ತದೆ.

ನೋಡಲು ಬರುವವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ. ಮನೋವಿಜ್ಞಾನಿ ಸುಸಾನ್ ಸಿಲ್ಕ್ ಮತ್ತು ಬ್ಯಾರಿ ಗೋಲ್ಡ್‌ಮನ್ 2013ರಲ್ಲಿ ಇದನ್ನು ಬಳೆ ಬಳೆಯಾಗಿ ಚಿತ್ರ ಬರೆದು ತೋರಿಸಿದ್ದರು: ನಡುವೆ ರೋಗಿ, ಸುತ್ತ ಮನೆಯವರು, ಅದರ ಸುತ್ತ ಸ್ನೇಹಿತರು. ಒಳಗಿನ ಬಳೆಯವರಿಗೆ ಸಮಾಧಾನ ಹೇಳಬೇಕು, ತಮ್ಮ ಗೋಳನ್ನು ಹೊರಗಿನ ಬಳೆಯವರ ಹತ್ತಿರ ಹೇಳಿಕೊಳ್ಳಬೇಕು. ನಮ್ಮಲ್ಲಿ ಒಬ್ಬ ಅತ್ತೆ ಬಂದು ಅತ್ತ ಅಳುವಿಗೆ ಅಕ್ಕನೇ ಅವರನ್ನು ಒಂದು ಗಂಟೆ ಸಂತೈಸಬೇಕಾಯಿತು. ರೋಗಿಗೆ ಸೋಂಕಿನ ಭಯ ಇದ್ದರೆ ಬರುವುದೇ ಬೇಡ ಎನ್ನಿ. "ಡಾಕ್ಟರ್ ಬೇಡ ಅಂದಿದ್ದಾರೆ" ಎಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಹೆಜ್ಜೆ 9: ಮೋಸದವರು

ಮನವಿ ಓಡಾಡಲು ಶುರುವಾದ ಕೂಡಲೇ ಇವರು ಬರುತ್ತಾರೆ. "ನಮ್ಮ ಟ್ರಸ್ಟಿನಿಂದ ದೊಡ್ಡ ಮೊತ್ತ ಮಂಜೂರಾಗಿದೆ, ಮೊದಲು ಸಣ್ಣ ಫೀಸ್ ಕಟ್ಟಿ." ಕಟ್ಟಬೇಡಿ. ಓಟಿಪಿ ಕೇಳಿದರೆ ಫೋನ್ ಇಡಿ. ನಿಮ್ಮದೇ ಮನವಿಯಲ್ಲಿ ಖಾತೆ ನಂಬರ್ ಬದಲಿಸಿ ಹಂಚುವವರೂ ಇದ್ದಾರೆ, ಅದಕ್ಕೇ ವಾರದ ಲೆಕ್ಕದಲ್ಲಿ ಪ್ರತಿ ಸಲ ಸರಿಯಾದ ನಂಬರ್ ಹಾಕಿ. ಗ್ಯಾರಂಟಿ ಗುಣ ಮಾಡುತ್ತೇವೆ ಎನ್ನುವವರನ್ನೂ ಇದೇ ಸಾಲಿಗೆ ಸೇರಿಸಿ.

ಹೆಜ್ಜೆ 10: ಮೂರನೆಯ ವಾರ, ಮತ್ತು ಅದರಾಚೆ

ಮೊದಲ ವಾರ ಕಾರಿಡಾರ್ ತುಂಬ ಜನ. ಮೂರನೆಯ ವಾರ ನೀವೊಬ್ಬರೇ. ಜನ ಕೆಟ್ಟವರಾದರು ಅಂತಲ್ಲ, ಅವರವರ ಬದುಕು ಅವರನ್ನು ಕರೆಯಿತು. ಅದಕ್ಕೇ ಮೊದಲ ವಾರ ಬಂದವರನ್ನೆಲ್ಲ ಅವತ್ತೇ ಬಳಸಿಕೊಳ್ಳಬೇಡಿ. "ಈಗ ಬೇಡ ಅಣ್ಣ, ಡಿಸ್ಚಾರ್ಜ್ ಆದ ಮೇಲಿನ ಎರಡನೆಯ ವಾರ ನಿಮ್ಮದು" ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ನಾವು ಆ ಮೂರನೆಯ ಸಾಲು ಬರೆಯದೆ ಹೋದದ್ದರಿಂದ, ಬಂದ ಹಣವೆಲ್ಲ ಆಸ್ಪತ್ರೆಗೆ ಕಟ್ಟಿ ಮನೆಗೆ ಬಂದಾಗ ಫಿಸಿಯೋಥೆರಪಿಗೆ ಏನೂ ಉಳಿದಿರಲಿಲ್ಲ. ಎರಡು ತಿಂಗಳು ತಡವಾಗಿ ಶುರುಮಾಡಿದೆವು. ಭಾವನ ಎಡಗೈ ಇನ್ನೂ ಪೂರ್ತಿ ಎತ್ತಲು ಬರುವುದಿಲ್ಲ. ಆ ಎರಡು ತಿಂಗಳಿಂದಲೇ ಹೀಗಾಯಿತಾ ಅಂತ ಹೇಳಲಾರೆ, ಆದರೆ ನೋಡಿದಾಗಲೆಲ್ಲ ನೆನಪಾಗುತ್ತದೆ.

ಇನ್ನೊಂದು ಸಲ ಕೇಳಬೇಕಾಗಿ ಬಂದರೆ ಕೇಳಿ. ಹೊಸ ತಾರೀಖು, ಹೊಸ ಮೊತ್ತ, ಹಿಂದಿನ ಲೆಕ್ಕ ಮೂರೂ ಇರಲಿ.

ರೋಗಿ ಉಳಿಯದೆ ಹೋಗಬಹುದು. ಬರೆಯಲು ಕೈ ಬರುವುದಿಲ್ಲ, ಆದರೆ ಅಂಥ ದಿನ ಉಳಿದ ಹಣ ಏನಾಗುತ್ತದೆ ಎಂಬುದನ್ನು ಹೊಣೆ ಹೊತ್ತವರು ಮನಸ್ಸಿನಲ್ಲಿ ಮೊದಲೇ ಇಟ್ಟುಕೊಳ್ಳಬೇಕು. ಆಸ್ಪತ್ರೆ ಬಾಕಿ, ಮಕ್ಕಳ ಓದು, ಅದೇ ವಾರ್ಡಿನ ಇನ್ನೊಂದು ಕುಟುಂಬ, ಏನೇ ಇರಲಿ, ಕೊಟ್ಟವರಿಗೆ ತಿಳಿಸಿ.

ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಮುಗಿಸುವ ಮೆಸೇಜ್ ಹಾಕಿ: "ಇಂಥ ತಾರೀಖಿಗೆ ನಿಧಿ ನಿಲ್ಲಿಸಿದ್ದೇವೆ, ಇನ್ನು ಹಣ ಕಳಿಸಬೇಡಿ, ಹಳೆಯ ಮನವಿ ಕಂಡರೆ ಮುಂದೆ ಕಳಿಸಬೇಡಿ." ಮೇಲಿನ ಮಾದರಿ ಮನವಿಯಲ್ಲಿ ತಾರೀಖನ್ನು ಮೊದಲೇ ಹಾಕಿದ್ದು ಇದಕ್ಕೇ. ನಮ್ಮದಕ್ಕೆ ತಾರೀಖು ಇರಲಿಲ್ಲ. ಭಾವ ಕೆಲಸಕ್ಕೆ ಹೋಗಲು ಶುರುಮಾಡಿ ಎಷ್ಟೋ ದಿನವಾದ ಮೇಲೆ, ಒಂದು ಬೆಳಿಗ್ಗೆ ಅವರ ಫೋನಿಗೇ ಯಾರೋ ಆ ಮನವಿ ಫಾರ್ವರ್ಡ್ ಮಾಡಿ, "ಪಾಪ, ಯಾರೋ ಕಷ್ಟದಲ್ಲಿದ್ದಾರೆ, ಆದಷ್ಟು ಕೊಡಿ" ಎಂದು ಬರೆದಿದ್ದರು.